ವೈರಸ್ಸಿನ ಮರ್ಮಕ್ಕೇ ಏಟು

ಎಚ್‌ಐವಿ ತಗುಲಿದವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿ ಒಂದೂ ಮಾತ್ರೆ ನುಂಗದೆ ವರ್ಷಗಟ್ಟಲೆ ಗಟ್ಟಿಮುಟ್ಟಾಗಿರುತ್ತಾರೆ. ಸಾಮಾನ್ಯ ವೈರಲ್ ಲೋಡ್ ಪರೀಕ್ಷೆಯಲ್ಲಿ ಅವರ ರಕ್ತದ ವೈರಸ್ ಲೆಕ್ಕಕ್ಕೇ ಸಿಗುವುದಿಲ್ಲ. ವೈದ್ಯರು ಇವರನ್ನು ‘ಎಲೀಟ್ ಕಂಟ್ರೋಲರ್’ ಎನ್ನುತ್ತಾರೆ. ಇವರ ಬಲ ಬಹುಮಟ್ಟಿಗೆ ಟಿ ಕೋಶಗಳಲ್ಲಿದೆ.

ಟಿ ಕೋಶಗಳಲ್ಲಿ ಸಿಡಿ4 ಎಂಬವು ರೋಗನಿರೋಧಕ ಪಡೆಗೆ ಸೂಚನೆ ಕೊಡುವಂಥವು. ಎಚ್‌ಐವಿ ಹೊಕ್ಕು ಹಾಳುಗೆಡಹುವುದು ಇವನ್ನೇ. ಸಿಡಿ8 ಕೋಶಗಳದು ಕೊಲ್ಲುವ ಕೆಲಸ. ಸೋಂಕಿತ ಕೋಶ ತನ್ನೊಳಗಿನ ವೈರಸ್ ಪ್ರೋಟೀನಿನ ಪುಟ್ಟ ತುಣುಕನ್ನು, ಸುಮಾರು ಎಂಟು-ಹತ್ತು ಅಮೈನೋ ಆಮ್ಲಗಳಷ್ಟನ್ನು, ಎಚ್‌ಎಲ್‌ಎ ಎಂಬ ಅಣುವಿನ ತೋಡಿನಲ್ಲಿಟ್ಟು ಹೊರಮೈಯಲ್ಲಿ ತೋರಿಸುತ್ತದೆ. ಸಿಡಿ8 ಅದನ್ನು ಗುರುತಿಸಿತೋ, ಕೋಶಕ್ಕೆ ಅಂಟಿಕೊಂಡು ಪರ್ಫೋರಿನ್ ಎಂಬ ಪ್ರೋಟೀನ್ ಸುರಿದು ಪೊರೆಗೆ ತೂತು ಕೊರೆಯುತ್ತದೆ. ಗ್ರಾಂಜೈಮ್ ಎಂಬ ಕಿಣ್ವಗಳು ಒಳನುಗ್ಗಿ ಕೋಶವನ್ನು ಸಾಯಿಸುತ್ತವೆ. 1999ರಲ್ಲಿ ಎಚ್‌ಐವಿಯ ದಾಯಾದಿ ಎಸ್‌ಐವಿ ತಗುಲಿದ ಕೋತಿಗಳಿಂದ ವಿಜ್ಞಾನಿಗಳು ಸಿಡಿ8 ಕೋಶಗಳನ್ನು ಕಳೆದು ನೋಡಿದರು. ವೈರಸ್ ಉಕ್ಕೇರಿತು. ಕೋಶಗಳು ಮರಳಿದ ಮೇಲೆ ಇಳಿಯಿತು.

ಹಾಗಾದರೆ ಮಿಕ್ಕವರಲ್ಲಿ ಸಿಡಿ8 ಇಲ್ಲವೇ? ಧಾರಾಳವಾಗಿವೆ. ಆದರೆ ಎಚ್‌ಐವಿ ನಕಲು ಮಾಡುವಾಗ ಪದೇ ಪದೇ ತಪ್ಪುತ್ತದೆ, ಆ ತಪ್ಪುಗಳಿಂದಲೇ ವೇಷ ಬದಲಿಸಿ ಪಾರಾಗುತ್ತದೆ. ಬೆನ್ನಟ್ಟಿ ಬೆನ್ನಟ್ಟಿ ಸಿಡಿ8 ಕೋಶಗಳು ಸೋಲುತ್ತವೆ. ಕಂಟ್ರೋಲರ್‌ಗಳಲ್ಲಿ ಅನೇಕರಿಗೆ ಎಚ್‌ಎಲ್‌ಎ-ಬಿ57 ಅಥವಾ ಬಿ27 ಎಂಬ ಮಾದರಿಯ ಅಣು ಇರುತ್ತದೆ. ಬಿ57 ಎತ್ತಿ ತೋರಿಸುವ ತುಣುಕುಗಳಲ್ಲೊಂದು ವೈರಸ್ಸಿನ ಒಳಕವಚದ್ದು. ಮನೆಯ ಸುಣ್ಣಬಣ್ಣ ಎಷ್ಟು ಸಲ ಬದಲಿಸಿದರೂ ನಡೆದೀತು, ಕಂಬ ಅಲುಗಾಡಿಸಿದರೆ ಸೂರೇ ಜಗ್ಗುತ್ತದೆ. ಆ ತುಣುಕಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿ ವೈರಸ್ ತಪ್ಪಿಸಿಕೊಳ್ಳಬಲ್ಲದು, ಆದರೆ ಅದರ ಸಂತಾನಶಕ್ತಿ ಕುಂದುತ್ತದೆ. ಆ ವೈರಸ್ ಬಿ57 ಇಲ್ಲದವರ ಮೈಗೆ ದಾಟಿತೆಂದರೆ ಹಳೆಯ ರೂಪಕ್ಕೇ ಹಿಂದಿರುಗುವುದುಂಟು. ಬದಲಾವಣೆ ಅದಕ್ಕೆ ಎಷ್ಟು ದುಬಾರಿ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಎಷ್ಟು ಸಿಡಿ8 ಇವೆ ಎನ್ನುವುದಕ್ಕಿಂತ ಎಲ್ಲಿಗೆ ಹೊಡೆಯುತ್ತವೆ ಎನ್ನುವುದೇ ಮುಖ್ಯ. ಲಸಿಕೆ ಹುಡುಕುವವರಲ್ಲಿ ಹಲವರ ಕಣ್ಣು ಈಗ ಇಂಥ ಜಾಗಗಳ ಮೇಲಿದೆ.

ಬಿ57 ಇದ್ದವರೆಲ್ಲ ಗೆಲ್ಲುವುದಿಲ್ಲ, ಅದನ್ನು ನಂಬಿ ಚಿಕಿತ್ಸೆ ಮುಂದೂಡುವುದು ಹುಂಬತನ. ಸೋಂಕು ಖಚಿತವಾದ ಕೂಡಲೇ ಮಾತ್ರೆ ಶುರುಮಾಡಬೇಕು. ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಗಳಲ್ಲಿ ಅದು ಉಚಿತ. ಮಾಹಿತಿಗೆ 1097ಕ್ಕೆ ಕರೆ ಮಾಡಿ.