ಮರಗಳ ಮೇಲೆ ಬರೆದ ಪಂಚಾಂಗ

ಬೆಂಗಳೂರಿಗೆ ಋತುಗಳೇ ಇಲ್ಲ, ವರ್ಷವಿಡೀ ಒಂದೇ ಹವೆ ಎಂಬ ಮಾತನ್ನು ಹೊರಗಿನಿಂದ ಬಂದವರಷ್ಟೇ ಅಲ್ಲ, ಇಲ್ಲೇ ಹುಟ್ಟಿ ಬೆಳೆದವರೂ ಆಡುತ್ತಾರೆ. ಉಷ್ಣಮಾಪಕವನ್ನೇ ನಂಬುವುದಾದರೆ ಅದರಲ್ಲಿ ಅಷ್ಟಿಷ್ಟು ನಿಜವೂ ಇದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವ ಈ ಊರಿಗೆ ದೆಹಲಿಯ ಚಳಿಯೂ ಇಲ್ಲ, ರಾಯಚೂರಿನ ಬಿಸಿಲೂ ಇಲ್ಲ. ಆದರೆ ತಲೆಯೆತ್ತಿ ನಡೆಯುವವರಿಗೆ ಇಲ್ಲಿ ಕ್ಯಾಲೆಂಡರ್ ನೋಡದೆಯೇ ತಿಂಗಳು ತಿಳಿಯುತ್ತದೆ. ಸಂಕ್ರಾಂತಿಯ ಆಸುಪಾಸಿಗೆ ಗುಲಾಬಿ ಟಬೂಬಿಯಾ, ಶಿವರಾತ್ರಿಯ ಹೊತ್ತಿಗೆ ಹಳದಿ ಟಬೂಬಿಯಾ, ಅದರ ಬೆನ್ನಿಗೇ ನೇರಳೆ ಬಣ್ಣದ ಜಕರಂಡಾ, ಯುಗಾದಿಗೆ ಹೊಂಗೆಯ ಚಿಗುರು, ಮೇ ತಿಂಗಳಿಗೆ ಗುಲ್‌ಮೊಹರ್. ಈ ಸರದಿ ತಾನಾಗಿ ಒದಗಿದ್ದಲ್ಲ. ಯಾರೋ ಕೂತು ಯೋಚಿಸಿ, ತಲೆಮಾರುಗಳ ಕಾಲ ನೆಟ್ಟು, ನೀರೆರೆದು ಕಟ್ಟಿದ್ದು. ಮನೆಮಂದಿಯೆಲ್ಲ ಋತುವಿನ ಜೊತೆ ಹೆಜ್ಜೆ ಹಾಕುವ ಸುಖ ಈ ಊರಿಗೆ ದಕ್ಕಿದ್ದು ಹೀಗೆ.

ಈ ಸರದಿಯನ್ನು ಕಟ್ಟುವ ಕೆಲಸ ಶುರುವಾಗುವ ಮೊದಲೂ ಋತು ನೋಡಿ ಮನೆಯಿಂದ ಹೊರಡುವ ರೂಢಿ ಇತ್ತು. ಬೆಂಗಳೂರಿನ ಸುತ್ತಮುತ್ತಲಿನ ಬಯಲುಸೀಮೆ ದಟ್ಟ ಕಾಡಿನ ನೆಲವಲ್ಲ. ಕುರುಚಲು ಗಿಡ, ಬಂಡೆ, ಹೊಲ ಮತ್ತು ಜನರೇ ತೋಡಿದ ಕೆರೆಗಳ ನೆಲ. ಅಲ್ಲಿ ನೆರಳು ಬೇಕೆಂದರೆ ನೆಟ್ಟೇ ಪಡೆಯಬೇಕಿತ್ತು. ಹಾಗೆ ಹುಟ್ಟಿದ್ದು ಊರ ಹೊರಗಿನ ಗುಂಡುತೋಪು. ಮಾವು, ಹಲಸು, ನೇರಳೆ, ಹುಣಸೆಗಳ ಆ ತೋಪು ದಾರಿಹೋಕರಿಗೆ ತಂಗುದಾಣ, ದನಕ್ಕೆ ನೆರಳು, ಊರಿಗೆ ಹಬ್ಬದ ಅಂಗಳ. ಕಾರ್ತಿಕ ಮಾಸದ ವನಭೋಜನವನ್ನೂ ಇದರ ಜೊತೆಗಿಟ್ಟು ನೋಡಬೇಕು. ಮಳೆ ಹಿಂದೆ ಸರಿದಿರುತ್ತದೆ, ನೆಲ ಇನ್ನೂ ಹಸಿರಾಗಿರುತ್ತದೆ, ನೆಲ್ಲಿಯ ಕೊಂಬೆಗಳಲ್ಲಿ ಕಾಯಿ ತುಂಬಿರುತ್ತದೆ. ಆ ಮರದ ಕೆಳಗೇ ಎಲೆ ಹಾಕಿ ಉಣ್ಣಬೇಕೆಂಬುದು ಕಟ್ಟಳೆ. ಅದೇ ತಿಂಗಳ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಹೊಸ ಬೆಳೆಯ ಕಡಲೆಕಾಯಿ ಪರಿಷೆ. ನಮ್ಮಲ್ಲಿ ಕುಟುಂಬ ಮನೆಯಿಂದ ಹೊರಡಲು ಕಾರಣವಾಗಿದ್ದೇ ಋತು. ರಜೆ ಎಂಬುದು ಆಮೇಲೆ ಬಂದದ್ದು.

1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ಅರಸರ ತೋಟವಾಗಿತ್ತು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1870ರಲ್ಲಿ ಕಬ್ಬನ್ ಪಾರ್ಕ್ ರೂಪುಗೊಂಡಿತು, 1889ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಆದರೆ ಇವೆಲ್ಲ ಬೇಲಿಯೊಳಗಿನ ತೋಟಗಳು. ತೋಟವನ್ನು ಬೀದಿಗೆ ತಂದ ಕೀರ್ತಿಯ ದೊಡ್ಡ ಪಾಲು ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರಿಗೆ ಸಲ್ಲಬೇಕು. 1865ರಲ್ಲಿ ಜರ್ಮನಿಯ ಡ್ರೆಸ್ಡನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಾ ಸಂಸ್ಥಾನದಲ್ಲಿ ಪಳಗಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದವರು ಅವರು. 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತರು. ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಅವರಂಥವರ ಬೆಂಬಲ ಅವರಿಗಿತ್ತು. ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕಲ್ಪನೆ ಸರಳ: ಒಂದು ಜಾತಿಯ ಹೂವು ಉದುರುವಷ್ಟರಲ್ಲಿ ಇನ್ನೊಂದು ಬಿರಿಯಬೇಕು, ಊರು ವರ್ಷದ ಯಾವ ತಿಂಗಳಲ್ಲೂ ಬೋಳಾಗಿ ಕಾಣಬಾರದು. ಹಾಗೆಂದು ಅದನ್ನು ನೆಲಕ್ಕಿಳಿಸುವುದು ಸುಲಭವಲ್ಲ. ನೆಟ್ಟ ಸಸಿ ಹೂ ಬಿಡಲು ವರ್ಷಗಟ್ಟಲೆ ಕಾಯಬೇಕು; ಮಡಗಾಸ್ಕರಿನ ಮರ ಈ ಕೆಂಪು ಮಣ್ಣಿನಲ್ಲಿ ಯಾವ ತಿಂಗಳು ಅರಳೀತು, ದಕ್ಷಿಣ ಅಮೆರಿಕದ್ದು ಯಾವಾಗ ಎಲೆ ಉದುರಿಸೀತು ಎಂಬುದನ್ನು ಕಣ್ಣಾರೆ ಕಂಡೇ ಬರೆದಿಡಬೇಕು. ಈ ಕೆಲಸವನ್ನು ಲಾಲ್‌ಬಾಗಿನಲ್ಲಿ ಅವರ ನಂತರ ಬಂದ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡರು ಬೆಳೆಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಹೊಸ ಬಡಾವಣೆಗಳ ಬೀದಿಗಳಲ್ಲೆಲ್ಲ ಲಕ್ಷಗಟ್ಟಲೆ ಸಸಿ ನೆಡಿಸಿದರು. ಇಂದು ನಾವು ತಲೆಯೆತ್ತಿ ನೋಡುವ ಮರಗಳಲ್ಲಿ ಎಷ್ಟೋ ಆ ದಶಕದವು.

ಟಬೂಬಿಯಾ, ಜಕರಂಡಾ, ಗುಲ್‌ಮೊಹರ್‌ಗಳು ಪರದೇಶದ ಮರಗಳು, ನಮ್ಮ ಋತುವನ್ನು ಅವು ಹೇಗೆ ಹೇಳಿಯಾವು ಎಂಬ ಆಕ್ಷೇಪಣೆ ಇದೆ. ಅದನ್ನು ತಳ್ಳಿಹಾಕುವಂತಿಲ್ಲ. ಮುಂಗಾರು ಪೂರ್ವದ ಗಾಳಿ ಮಳೆಗೆ ಗುಲ್‌ಮೊಹರ್ ಕೊಂಬೆಗಳು ಮುರಿದು ಬೀಳುವುದು ಪ್ರತಿ ಬೇಸಿಗೆಯ ಸುದ್ದಿ. ನಮ್ಮ ಹಕ್ಕಿ, ಹುಳುಗಳಿಗೆ ಆಲ, ಅತ್ತಿ, ಬಸರಿಗಳು ಕೊಡುವಷ್ಟನ್ನು ಹೊರಗಿನ ಮರಗಳು ಕೊಡುವುದೂ ಇಲ್ಲ. ಆದರೆ ಮರ ಎಲ್ಲಿಂದ ಬಂದರೂ ಅದು ಓದುವುದು ಇಲ್ಲಿನ ಬಿಸಿಲು ಮಳೆಯನ್ನೇ. ಒಣಹವೆ ಬಿಗಿದಾಗ ಟಬೂಬಿಯಾ ನೀರು ಉಳಿಸಲು ಎಲೆ ಕಳಚುತ್ತದೆ. ಬೋಳುಕೊಂಬೆಯ ಮೇಲಿನ ಹೂವು ಜೇನ್ನೊಣಕ್ಕೆ ದೂರದಿಂದಲೇ ಕಾಣುತ್ತದೆ. ನಮ್ಮದೇ ಮುತ್ತುಗ, ಬೂರುಗಗಳು ಮಾಡುವುದೂ ಇದನ್ನೇ. ಇನ್ನೊಂದು ಮಾತು: ಈ ಪಂಚಾಂಗದಲ್ಲಿ ನಾಡಿನ ಮರಗಳಿಗೂ ಜಾಗವಿದೆ, ನೋಡುವ ಕಣ್ಣು ಬೇಕಷ್ಟೆ. ಹೊಂಗೆಯನ್ನೇ ತೆಗೆದುಕೊಳ್ಳಿ. ಮಾಗಿ ಮುಗಿಯುತ್ತಿದ್ದಂತೆ ಅದರ ಹಳೆಯ ಎಲೆಗಳು ಹಳದಿಗಟ್ಟಿ ಉದುರುತ್ತವೆ, ಕೆಲವೇ ದಿನಗಳಲ್ಲಿ ಬೆಳಕು ಹಾಯುವಷ್ಟು ತೆಳು ಹಸಿರಿನ ಚಿಗುರು ಮರವನ್ನೆಲ್ಲ ಮುಚ್ಚುತ್ತದೆ. ಆ ಹೊಳಪು ಬಹಳ ದಿನ ನಿಲ್ಲುವುದಿಲ್ಲ. ಎಲೆ ಬಲಿತು ಕಡುಹಸಿರಾಗುತ್ತದೆ. ಆಮೇಲೆ ತಿಳಿ ನೇರಳೆ ಮಿಶ್ರಿತ ಬಿಳಿಯ ಪುಟ್ಟ ಹೂಗಳು ಬೆಳಗಾಗುವಷ್ಟರಲ್ಲಿ ನೆಲಕ್ಕೆ ಅರಳು ಚೆಲ್ಲಿದಂತೆ ಉದುರಿರುತ್ತವೆ. ಯುಗಾದಿಯ ಬೇವಿನ ಹೂವು, ಬೇಸಿಗೆಯ ಕಕ್ಕೆಯ ಹಳದಿ ಗೊಂಚಲು, ಹೊಳೆದಾಸವಾಳ, ಮಳೆ ನಿಂತ ಮೇಲೆ ರಾತ್ರಿ ಹೊತ್ತು ಘಮಿಸುವ ಆಕಾಶಮಲ್ಲಿಗೆ, ಇವೆಲ್ಲ ಅದೇ ಬೀದಿಗಳಲ್ಲೇ ಇವೆ.

ಮಕ್ಕಳಿಗೆ ಇದೆಲ್ಲ ಪಾಠವಾಗಬೇಕಿಲ್ಲ, ಆಟವಾದರೆ ಸಾಕು. ಗುಲ್‌ಮೊಹರಿನ ಹೂ ಬಿಡಿಸಿದರೆ ಐದು ದಳಗಳಲ್ಲಿ ಒಂದು ಮಾತ್ರ ಬಿಳಿ ಗೀರುಗಳಿಂದ ಬೇರೆಯಾಗಿ ಕಾಣುತ್ತದೆ. ಅದರ ಕೇಸರಗಳ ತಲೆಗೆ ತಲೆ ಸಿಕ್ಕಿಸಿ ಎಳೆದು, ಯಾರದ್ದು ಮೊದಲು ಕಿತ್ತುಬಂತೆಂದು ನೋಡುವ ಕೋಳಿಜಗಳದ ಆಟ ಇನ್ನೂ ಸತ್ತಿಲ್ಲ. ನೀರುಕಾಯಿ ಮರದ ಮೊಗ್ಗು ಹಿಚುಕಿದರೆ ಪಿಚಕಾರಿಯಂತೆ ನೀರು ಚಿಮ್ಮುತ್ತದೆ. ಮರಕ್ಕೆ ಹೆಸರು ಬಂದದ್ದೇ ಅದರಿಂದ. ಸಂಜೆಯಾದರೆ ಮಳೆಮರದ ಎಲೆಗಳು ಮಡಚಿಕೊಳ್ಳುತ್ತವೆ.

ದುಡಿದು ದಣಿದವರಿಗೆ ಇದಕ್ಕೆಲ್ಲ ಪುರಸೊತ್ತೆಲ್ಲಿ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಬೀದಿಮರದ ಬೆಲೆ ಹೆಚ್ಚು. ಕೊಡಗು, ಚಿಕ್ಕಮಗಳೂರಿನ ವಾರಾಂತ್ಯಕ್ಕೆ ಕಾರು, ಹಣ, ಕೋಣೆ ಬೇಕು. ಬಸ್ ನಿಲ್ದಾಣದ ತಲೆಯ ಮೇಲಿನ ಜಕರಂಡಾಕ್ಕೆ ಟಿಕೆಟ್ ಇಲ್ಲ. ದೂರದ ಬೆಟ್ಟವನ್ನು ವರ್ಷಕ್ಕೊಮ್ಮೆ ನೋಡಿದವರಿಗೆ ದಕ್ಕುವುದು ಒಂದು ದಿನದ ನೋಟ. ಒಂದೇ ಮರದ ಕೆಳಗೆ ವರ್ಷಕ್ಕೆ ಹನ್ನೆರಡು ಸಲ ಹೋದವರಿಗೆ ಮಾತ್ರ ಋತು ಬದಲಾಗುವುದು ಕಾಣುತ್ತದೆ. ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗಿಗೆ ಹರಿದುಬರುವ ಜನರನ್ನು ಕಂಡರೆ ನಮ್ಮವರಿಗೆ ಹೂವಿನ ಆಸೆ ಬತ್ತಿಲ್ಲವೆಂಬುದು ಸ್ಪಷ್ಟ. ಕುಂಡದ ಹೂಗಳ ಮುಂದೆ ಸಾಲು ನಿಂತವರು ಉಳಿದ ಹತ್ತು ತಿಂಗಳೂ ಅದೇ ದಾರಿಯಲ್ಲಿ ಒಮ್ಮೊಮ್ಮೆ ನಡೆದರೆ ಎಂಬುದಷ್ಟೇ ಆಸೆ.

ರಸ್ತೆ ಅಗಲೀಕರಣ, ಮೇಲ್ಸೇತುವೆ, ಮೆಟ್ರೋಗಳಿಗಾಗಿ ಸಾಲುಮರಗಳು ಉರುಳಿದಾಗ ಈ ಪಂಚಾಂಗದ ಒಂದೊಂದು ಪುಟವೇ ಹರಿದುಹೋಗುತ್ತದೆ. ಬೇರೆಲ್ಲೋ ಸಸಿ ನೆಟ್ಟು ಲೆಕ್ಕ ಚುಕ್ತಾ ಮಾಡುವುದು ಸಾಲದು. ಆ ಬೀದಿಯ ಮಾರ್ಚ್ ತಿಂಗಳು ಮರಳಿ ಬರುವುದಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರಿಂದಲೂ ಇದೆ. ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯುವ ಯೋಜನೆಯಿದ್ದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕೆಂದು ಆ ಕಾಯಿದೆ ಹೇಳುತ್ತದೆ. ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ನಿಮ್ಮ ಬೀದಿಯ ಮರಗಳ ಹೆಸರು ಬರೆದುಕೊಂಡು ಬನ್ನಿ. ಅಂಥ ಪ್ರಕಟಣೆ ಬಂದ ದಿನ ಆ ಪಟ್ಟಿ ಕೈಯಲ್ಲಿರಲಿ.