ಗಗನಚುಕ್ಕಿಯಲ್ಲಿ ಕ್ಲಚ್ ಕೇಬಲ್ ಕಿತ್ತರೆ

ಕನ್ನಂಬಾಡಿ, ಕಬಿನಿ ತುಂಬಿ ಹೊಳೆಗೆ ನೀರು ಬಿಟ್ಟರು ಎಂಬ ಸುದ್ದಿ ಟಿ.ವಿ.ಯಲ್ಲಿ ಬಂದರೆ ಸಾಕು, ಮುಂದಿನ ಭಾನುವಾರ ಶಿವನಸಮುದ್ರದ ದಾರಿಯಲ್ಲೆಲ್ಲ ಬೈಕುಗಳೇ. ಕನಕಪುರ, ಸಾತನೂರು, ಹಲಗೂರು ಹಾದು ಮಳವಳ್ಳಿಗೆ ಬರುವವರು ಕೆಲವರು. ಮದ್ದೂರಿನಲ್ಲಿ ವಡೆ ತಿಂದು ಎಡಕ್ಕೆ ಹೊರಳಿಕೊಂಡು ಬರುವವರು ಇನ್ನು ಕೆಲವರು. ಬೆಳಿಗ್ಗೆ ಎಲ್ಲರ ಗಾಡಿಯೂ ಕುದುರೆಯೇ. ಸಂಜೆ ಐದೂವರೆಗೆ, ಫೋಟೊ ತೆಗೆದದ್ದೆಲ್ಲ ಮುಗಿದು ಗಗನಚುಕ್ಕಿ ಜಲಪಾತದಿಂದ ಹೊರಡುವಾಗ, ಒಬ್ಬನ ಕ್ಲಚ್ ಲಿವರ್ ಸಡಿಲವಾಗಿ ಹ್ಯಾಂಡಲ್ಲಿಗೆ ಬಂದು ಬಡಿಯಿತು ಎಂದಿಟ್ಟುಕೊಳ್ಳೋಣ. ಲಿವರಿನ ಬುಡದಲ್ಲಿ ಕೂರುವ ಲೋಹದ ಗುಂಡು ಒಂದು ಕಡೆ, ಕೆದರಿದ ತಂತಿಯ ಎಳೆಗಳು ಇನ್ನೊಂದು ಕಡೆ. ಆ ಎಳೆಗಳು ಒಂದೊಂದಾಗಿ ಹರಿಯಲು ಶುರುವಾಗಿ ವಾರವೇ ಆಗಿರುತ್ತದೆ. ಇವನಿಗೆ ಗೊತ್ತಾದದ್ದು ಈಗ.

ಮಳವಳ್ಳಿ ಪೇಟೆ ಅಲ್ಲಿಂದ ಇಪ್ಪತ್ತು ಕಿ.ಮೀ.ಗೂ ಹೆಚ್ಚು. ಭಾನುವಾರ ಸಂಜೆ, ಬಿಡಿಭಾಗದ ಅಂಗಡಿ ಮುಚ್ಚಿರುವ ಹೊತ್ತು. ಗೆಳೆಯನೊಬ್ಬ ತನ್ನ ಬೈಕಿನಿಂದ ಕಾಲು ಕೊಟ್ಟು ತಳ್ಳಿಕೊಂಡು ಹೋಗುತ್ತೇನೆ ಎನ್ನುತ್ತಾನೆ. ನಮ್ಮ ಕಡೆಯ ಹಳೆಯ ಟೋಯಿಂಗ್ ವಿದ್ಯೆ ಇದು. ಬೀದಿಯ ಕೊನೆಯ ಪೆಟ್ರೋಲ್ ಬಂಕಿನವರೆಗೆ ಸರಿ, ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ರಸ್ತೆಯಲ್ಲಿ ಕತ್ತಲಾದ ಮೇಲೆ ಮಾಡುವಂಥದ್ದಲ್ಲ. ಆಗ ನೆನಪಾಗುವುದು ಗಾಡಿಯ ವಿಮೆ ನವೀಕರಿಸುವಾಗ ‘ರೋಡ್‌ಸೈಡ್ ಅಸಿಸ್ಟೆನ್ಸ್’ ಎಂಬ ಸಾಲಿನ ಮುಂದೆ ಹಾಕಿದ ಟಿಕ್ ಗುರುತು. ಫೋನ್ ಮಾಡುತ್ತಾನೆ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ: “ಸರ್, ನೀವು ಇರುವ ಜಾಗ ಯಾವ ಊರಿನಿಂದ ಎಷ್ಟು ಕಿಲೋಮೀಟರ್?”

ಇಡೀ ವಿಷಯ ಈ ಪ್ರಶ್ನೆಯಲ್ಲೇ ಇದೆ. ಜಾಹೀರಾತಿನಲ್ಲಿ ಕಾಣುವುದು ಸೇವೆಗಳ ಪಟ್ಟಿ: ಪಂಚರ್ ಹಾಕಿಕೊಡುತ್ತೇವೆ, ಬ್ಯಾಟರಿ ಕೂತರೆ ಜಂಪ್ ಕೊಡುತ್ತೇವೆ, ಪೆಟ್ರೋಲ್ ತಂದುಕೊಡುತ್ತೇವೆ, ಕೀಲಿ ಕಳೆದರೆ ಬರುತ್ತೇವೆ, ಗಾಡಿ ಎತ್ತಿಕೊಂಡು ಹೋಗುತ್ತೇವೆ. ಎಲ್ಲ ಕಂಪನಿಯ ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಕೆಳಗಿನ ಸಣ್ಣಕ್ಷರದಲ್ಲಿ. ಕೆಲವು ಪ್ಲ್ಯಾನುಗಳು ನಿಗದಿತ ನಗರಗಳ ಸುತ್ತ ಇಂತಿಷ್ಟು ಕಿ.ಮೀ. ಒಳಗೆ ಮಾತ್ರ ನಡೆಯುತ್ತವೆ. ಕೆಲವು ದೇಶದೆಲ್ಲೆಡೆ ಬರುತ್ತವೆ, ಆದರೆ ಉಚಿತ ಟೋಯಿಂಗ್‌ಗೆ ಒಂದು ಮಿತಿ. ಅದು ದಾಟಿದರೆ ಕಿ.ಮೀ.ಗೆ ಇಷ್ಟು ಎಂದು ಸವಾರನೇ ತೆರಬೇಕು. ಆ ಕಿ.ಮೀ. ಲೆಕ್ಕವಾದರೂ ಎಲ್ಲಿಂದ? ಗಾಡಿ ನಿಂತ ಜಾಗದಿಂದಲೋ, ಟೋಯಿಂಗ್ ವಾಹನ ತನ್ನ ಶೆಡ್ ಬಿಟ್ಟಲ್ಲಿಂದಲೋ, ಹೋಗಿ ಬರುವ ಎರಡೂ ಸೇರಿಯೋ? ಮಂಡ್ಯದಿಂದ ಹೊರಟ ವಾಹನವಾದರೆ ಗಗನಚುಕ್ಕಿ ಮುಟ್ಟುವುದಕ್ಕೇ ಅರವತ್ತು ಕಿ.ಮೀ.ಯ ಆಸುಪಾಸು. ಬೆಂಗಳೂರಂತೂ ಸುಮಾರು 130.

ಶಿವನಸಮುದ್ರದ ಬ್ಲಫ್ ವಿದ್ಯುದಾಗಾರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿತು. ನೂರಿಪ್ಪತ್ತು ವರ್ಷ ಕಳೆದ ಮೇಲೂ ಅದೇ ಜಾಗದಿಂದ ಒಂದು ಬೈಕು ಬೆಂಗಳೂರು ಮುಟ್ಟಬೇಕಾದರೆ ಉಚಿತ ಮಿತಿ ದಾಟುತ್ತಲೇ ಮೀಟರ್ ಓಡತೊಡಗುತ್ತದೆ!

ಹಾಗೆಂದು ಬೈಕು ಬೆಂಗಳೂರಿಗೇ ಹೋಗಬೇಕೆಂದೇನೂ ಇಲ್ಲ. ‘ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್’ ಎಂಬ ಮಾತು ಬಹುತೇಕ ಎಲ್ಲ ಪ್ಲ್ಯಾನಿನಲ್ಲೂ ಇರುತ್ತದೆ. ಸಾಮಾನ್ಯ ನೂರು ಸಿ.ಸಿ. ಗಾಡಿಗೆ ಆ ಹತ್ತಿರ ನಿಜಕ್ಕೂ ಹತ್ತಿರ. ತಾಲ್ಲೂಕು ಕೇಂದ್ರಗಳಲ್ಲೇ ಶೋರೂಮು ಇರುತ್ತದೆ. ದುಬಾರಿ ವಿದೇಶಿ ಬೈಕಿಗೆ ‘ಹತ್ತಿರ’ ಎಂದರೆ ಮೈಸೂರೋ ಬೆಂಗಳೂರೋ. ಗಾಡಿ ದೊಡ್ಡದಾದಷ್ಟೂ ಟೋಯಿಂಗ್ ದೂರವೂ ದೊಡ್ಡದಾಗಿರಬೇಕು. ಅಂಗಡಿಯವರು ಹೇಳುವ ಕಂತಿನ ಮೊತ್ತಕ್ಕಿಂತ ಮೊದಲು ಕೇಳಬೇಕಾದದ್ದು ಇದು.

ಫುಲ್ ಇನ್ಶೂರೆನ್ಸ್ ಇದೆಯಲ್ಲ, ಅದರಲ್ಲೇ ಬರುವುದಿಲ್ಲವೇ ಎಂದು ಅನೇಕರು ನಂಬಿರುತ್ತಾರೆ. ಬರುತ್ತದೆ, 300 ರೂಪಾಯಿ. ಹಳೆಯ ಮೋಟಾರು ವಿಮಾ ಸುಂಕದ ಕಾಲದಿಂದ ಬಂದ ಪಾಲಿಸಿ ಬರಹದಲ್ಲಿ ದ್ವಿಚಕ್ರ ವಾಹನವನ್ನು ರಿಪೇರಿ ಜಾಗಕ್ಕೆ ಸಾಗಿಸುವ ಖರ್ಚಿಗೆ ಇಟ್ಟ ಮಿತಿ ಅಷ್ಟೇ. ಅದೂ ಅಪಘಾತವಾದರೆ. ಕೇಬಲ್ ಕಿತ್ತದ್ದು, ಚೈನ್ ತುಂಡಾದದ್ದು, ಬ್ಯಾಟರಿ ಕೂತದ್ದು ಅಪಘಾತವಲ್ಲ, ಸವಕಳಿ. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆಯಂತೂ ಎದುರಿನವನ ನಷ್ಟಕ್ಕೆ, ನಮ್ಮ ಗಾಡಿಗಲ್ಲ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ 5 ವರ್ಷಕ್ಕೆ ಕೊಡುತ್ತಾರೆ. ಇದರಿಂದ ಒಂದು ಎಡವಟ್ಟೂ ಆಗಿದೆ: ಐದು ವರ್ಷ ಎಲ್ಲವೂ ಇದೆ ಎಂದುಕೊಂಡವನ ಸ್ವಂತ ಗಾಡಿಯ ವಿಮೆ ಒಂದೇ ವರ್ಷಕ್ಕೆ ಮುಗಿದಿರುತ್ತದೆ, ಅದರ ಬಾಲ ಹಿಡಿದು ಬಂದ ರಸ್ತೆ ಸಹಾಯವೂ ಮುಗಿದಿರುತ್ತದೆ.

ಈ ಸಹಾಯ ಸಿಗುವ ಬಾಗಿಲುಗಳು ಮೂರು. ವಿಮೆಗೆ ಸೇರಿಸಿಕೊಳ್ಳುವುದು ಅಗ್ಗದ್ದು. ಬೈಕ್ ತಯಾರಕರೇ ಕೊಡುವುದು ಎರಡನೆಯದು. ಹೊಸ ಗಾಡಿಯ ಜೊತೆ ಬಂದಿದ್ದರೆ ಅದರ ಅವಧಿ ಮುಗಿಯುವವರೆಗೆ ಇನ್ನೊಂದಕ್ಕೆ ದುಡ್ಡು ಕೊಡುವುದು ದಂಡ. ಮೂರನೆಯದು ಬರೀ ಈ ಕೆಲಸಕ್ಕೇ ಇರುವ ಕಂಪನಿಗಳ ವಾರ್ಷಿಕ ಸದಸ್ಯತ್ವ. ಹಳೆಯ ಯೆಜ್ಡಿ ಇಟ್ಟುಕೊಂಡವರಿಗೆ ಉಳಿಯುವುದು ಹೆಚ್ಚಾಗಿ ಇದೇ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಗಾಡಿಗೆ ಹೆಚ್ಚು ವಯಸ್ಸಾಯಿತು ಎಂದು ಕೈಯಲ್ಲಾಡಿಸುವ ಪ್ಲ್ಯಾನುಗಳೂ ಇವೆ. ಯಾವ ಬಾಗಿಲು ತಟ್ಟಿದರೂ ಫೋನ್ ಎತ್ತುವವರು ಒಬ್ಬರು, ಗಾಡಿ ಎತ್ತುವವರು ಇನ್ನೊಬ್ಬರು: ಕಂಪನಿ ಗುತ್ತಿಗೆ ಕೊಟ್ಟ ಸ್ಥಳೀಯ ಟೋಯಿಂಗ್‌ನವರು. ಆದ್ದರಿಂದ ಮಂಡ್ಯ, ಮದ್ದೂರು, ಮಳವಳ್ಳಿ, ಕೊಳ್ಳೇಗಾಲದಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಹೊರಡುವ ಮುಂಚೆಯೇ ಕೇಳುವುದರಲ್ಲಿ ತಪ್ಪಿಲ್ಲ. ಆ ಕಡೆಯವರು ತಡವರಿಸಿದರೆ ಅದೂ ಒಂದು ಉತ್ತರವೇ.

ಅವರಲ್ಲಿ ಬೈಕ್ ಸಾಗಿಸಲು ಬರುವ ವಾಹನ ಇದೆಯೇ ಎನ್ನುವುದೂ ಮುಖ್ಯ. ಜರ್ಮನಿಯ ಹೆಸರಾಂತ ವಾಹನ ಸಂಘ ಎ.ಡಿ.ಎ.ಸಿ. 1903ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದ್ದೇ ಮೋಟಾರ್ ಸೈಕಲ್ ಸವಾರರ ಕೂಟವಾಗಿ; ಕಾರಿನವರು ಆಮೇಲೆ ತುಂಬಿಕೊಂಡರು. ನಮ್ಮಲ್ಲಿ ಮೊದಲಿನಿಂದಲೂ ಈ ವ್ಯವಸ್ಥೆ ಕಾರಿನ ಅಳತೆಗೇ ಹೊಲಿದ ಅಂಗಿ. ಮುಂದಿನ ಚಕ್ರ ಎತ್ತಿ ಎಳೆಯುವ ಕ್ರೇನು ಬೈಕಿಗೆ ಒಗ್ಗುವುದಿಲ್ಲ. ಬೇಕಾದದ್ದು ಚಪ್ಪಟೆ ಹಾಸಿನ ಗಾಡಿ, ಇಲ್ಲವೇ ಒಂದು ಟಾಟಾ ಏಸ್ ಮತ್ತು ನಾಲ್ಕು ಗಟ್ಟಿ ಪಟ್ಟಿ. ಕಟ್ಟುವುದರಲ್ಲೂ ಕ್ರಮವಿದೆ. ಹ್ಯಾಂಡಲ್ಲಿನ ಹಿಡಿಗೆ ಹಗ್ಗ ಬಿಗಿದರೆ ಹಿಡಿ ಜಾರುತ್ತದೆ, ಬ್ರೇಕಿನ ಪೈಪು ಜಜ್ಜುತ್ತದೆ. ಹ್ಯಾಂಡಲ್ಲಿನ ಕೆಳಗೆ, ಎರಡು ಫೋರ್ಕುಗಳನ್ನು ಹಿಡಿದಿರುವ ಕಬ್ಬಿಣದ ಜೋಡಣೆಗೆ ಪಟ್ಟಿ ಹಾಕಿ, ಎಡಬಲ ಸಮನಾಗಿ ಎಳೆದು, ಫೋರ್ಕು ಅರ್ಧದಷ್ಟು ಕುಸಿಯುವಂತೆ ಬಿಗಿಯಬೇಕು. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಟ್ಟಿದರೆ ಮೊದಲ ರಸ್ತೆ ಉಬ್ಬಿಗೇ ಸ್ಟ್ಯಾಂಡು ಬಾಗುತ್ತದೆ. ಸಾಗಿಸುವಾಗ ಆದ ತರಚಿಗೆ ಹೊಣೆ ಯಾರದು ಎಂಬ ಷರತ್ತನ್ನು ಓದಿದವರು ಕಡಿಮೆ. ಹತ್ತಿಸುವ ಮೊದಲು ಸುತ್ತಲೂ ನಾಲ್ಕು ಫೋಟೊ ತೆಗೆದಿಟ್ಟುಕೊಂಡರೆ ಜಗಳ ಚಿಕ್ಕದಾಗುತ್ತದೆ.

ಜಾಗ ಹೇಳುವುದೂ ಇಲ್ಲಿ ಸಲೀಸಲ್ಲ. ಗಗನಚುಕ್ಕಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು. ಶಿವನಸಮುದ್ರದ ಇನ್ನೊಂದು ಜಲಪಾತ ಭರಚುಕ್ಕಿ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು. ‘ಶಿವನಸಮುದ್ರ ಫಾಲ್ಸ್’ ಎಂದಷ್ಟೇ ಹೇಳಿದರೆ ಗಾಡಿ ಹೊಳೆಯ ಆಚೆ ದಡಕ್ಕೆ ಹೋಗಿ ನಿಂತು “ಎಲ್ಲಿದ್ದೀರಿ ಸಾ?” ಎಂದು ಕೇಳುವುದು ಖಾತ್ರಿ. ಮದ್ದೂರಿನ ಕಡೆಯಿಂದ ಬರುವವರಿಗೆ ಇನ್ನೊಂದು ತೊಡಕು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವಿಲ್ಲ. ಕೆಟ್ಟು ನಿಂತ ಬೈಕು ಇರುವುದು ಸರ್ವಿಸ್ ರಸ್ತೆಯಲ್ಲಿ. ಸಹಾಯದ ಗಾಡಿ ಮುಖ್ಯ ಪಥ ಹತ್ತಿಬಿಟ್ಟರೆ ಬೇಲಿಯಾಚೆ ಕಣ್ಣಿಗೆ ಕಂಡರೂ ಕೈಗೆ ಸಿಗುವುದಿಲ್ಲ. ಸರ್ವಿಸ್ ರಸ್ತೆ, ಯಾವ ಬದಿ, ಯಾವ ಕೆಳಸೇತುವೆಯ ಪಕ್ಕ, ಇಷ್ಟನ್ನೂ ಹೇಳಬೇಕು. ರಾಷ್ಟ್ರೀಯ ಹೆದ್ದಾರಿಯ ಮೇಲೆ 1033 ಎಂಬ ಸಹಾಯವಾಣಿ ಇದೆ, ಯಾವ ಪ್ಲ್ಯಾನೂ ಇಲ್ಲದವರಿಗೂ ಅದು ಸಿಗುತ್ತದೆ.

ಇನ್ನು ಕಾಡು. ಹಲಗೂರಿನಿಂದ ಮುತ್ತತ್ತಿಗೆ ಇಳಿದರೆ ಅದು ಕಾವೇರಿ ವನ್ಯಧಾಮ. ‘ವಾಹನ ಸಂಚಾರಕ್ಕೆ ಯೋಗ್ಯವಾದ ರಸ್ತೆ’ ಎಂಬ ಷರತ್ತಿನ ಪ್ರಕಾರ ಡಾಂಬರು ಬಿಟ್ಟು ಹೊಳೆದಂಡೆಗೆ ಇಳಿಸಿದ ಬೈಕಿಗೆ ಯಾರೂ ಬರಬೇಕಾಗಿಲ್ಲ. ಶಿವನಸಮುದ್ರ ಮುಗಿಸಿ ಊಟಿಯತ್ತ ಮುಖ ಮಾಡಿದವರಿಗೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ದಾರಿ ಬಂದ್. 2009ರಿಂದ ಇರುವ ನಿರ್ಬಂಧ ಇದು. ‘24 ಗಂಟೆ ಸೇವೆ’ ಎಂದು ಬರೆದವರ ವಾಹನಕ್ಕೂ ಗೇಟು ತೆರೆಯುವುದಿಲ್ಲ.

ಮಳೆಗಾಲದ ಸವಾರಿಗೆ ಮಾತ್ರ ಒಂದು ಮಾತು ಬಿಡಿಸಿ ಹೇಳಬೇಕು. ತಗ್ಗಿನ ನೀರಿನಲ್ಲಿ ಬೈಕು ಆರಿತು, ಏರ್ ಫಿಲ್ಟರಿನ ಮೂಲಕ ನೀರು ಎಂಜಿನ್ನಿಗೆ ಹೋಯಿತು. ಗಾಳಿಯನ್ನು ಪಿಸ್ಟನ್ ಅದುಮಬಲ್ಲದು, ನೀರನ್ನು ಅದುಮಲಾರದು. ಗಾಬರಿಯಲ್ಲಿ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ರಸ್ತೆ ಸಹಾಯದವರು ಬಂದು ಗಾಡಿ ಎತ್ತಿಕೊಂಡು ಹೋಗುತ್ತಾರೆ, ಅಷ್ಟೇ. ರಿಪೇರಿಯ ಖರ್ಚಿಗೆ ಅವರು ಜವಾಬ್ದಾರರಲ್ಲ. ಸಾಮಾನ್ಯ ವಿಮೆಯವರು ಇದು ನೀವೇ ತಂದುಕೊಂಡ ಹಾನಿ ಎನ್ನುತ್ತಾರೆ. ಅದಕ್ಕೆ ಎಂಜಿನ್ ರಕ್ಷಣೆ ಎಂಬ ಬೇರೆಯೇ ಸೇರ್ಪಡೆ ಇದೆ, ಆರಿದ ಬೈಕನ್ನು ಮತ್ತೆ ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಮೇಲೆ ತರುವ ತಾಳ್ಮೆಯೂ ಇರಬೇಕು.

ಗಾಡಿಯ ಮಾತು ಇಷ್ಟಾಯಿತು. ಬಿದ್ದವನ ಮಾತು ಬೇರೆ. ವಿಮೆಯ ಕಡ್ಡಾಯ ವೈಯಕ್ತಿಕ ಅಪಘಾತ ರಕ್ಷಣೆ, 15 ಲಕ್ಷ ರೂಪಾಯಿಯದು, ಬೈಕಿನ ಮಾಲೀಕನೇ ಓಡಿಸುತ್ತಿದ್ದರೆ ಮಾತ್ರ. ಹಿಂದೆ ಕೂತ ಹೆಂಡತಿಗೋ ತಮ್ಮನಿಗೋ ಅದನ್ನು ಬೇರೆ ಕೊಳ್ಳಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಉಂಟು. ರಕ್ತ ಕಂಡಾಗ ಮೊದಲು ಒತ್ತಬೇಕಾದದ್ದು 108 ಅಥವಾ 112, ಟೋಯಿಂಗ್‌ನವರ ನಂಬರ್ ಆಮೇಲೆ.

ಗಗನಚುಕ್ಕಿಯಲ್ಲಿ ನಿಂತವನ ಕತೆಗೆ ಬಂದರೆ, ಒಳ್ಳೆಯ ಪ್ಲ್ಯಾನ್ ಇದ್ದರೂ ಅವನು ಎರಡು ಗಂಟೆ ಕಾಯಬೇಕಾದೀತು. ಬಂದ ಮೆಕ್ಯಾನಿಕ್ಕು ಬಗ್ಗಿ ನೋಡಿ, “ಕೇಬ್ಲು ಕಿತ್ತೋಗದೆ ಕಣಣ್ಣ, ನಿಮ್ತಾವ ಒಂದ್ ಸ್ಪೇರ್ ಇದ್ದಿದ್ರೆ ಅರ್ಧ ಗಂಟೆ ಕೆಲ್ಸ” ಎಂದಾನು. ಬಿಡಿಭಾಗದ ಬೆಲೆ ಹೇಗೂ ಸವಾರನದೇ, ಅದು ಅವನ ಚೀಲದಲ್ಲಿ ಇರದಿದ್ದರೆ ಪ್ಲ್ಯಾನು ಬೈಕನ್ನು ಎತ್ತಿಕೊಂಡು ಹೋಗಬಹುದೇ ಹೊರತು ಓಡಿಸಿಕೊಡಲಾರದು. ಹಳೆಯ ಸವಾರರು ಮಾಡುವುದು ಬೇರೆ: ಹೊಸ ಕ್ಲಚ್ ಕೇಬಲ್ಲನ್ನು ಇರುವ ಕೇಬಲ್ಲಿನ ಜೊತೆಗೇ, ಟ್ಯಾಂಕಿನ ಕೆಳಗಿಂದ ಹಾಯಿಸಿ, ಎರಡು ಕಡೆ ತುದಿಗೆ ಗ್ರೀಸ್ ಸವರಿ ಪ್ಲಾಸ್ಟಿಕ್ ಸುತ್ತಿ ಕಟ್ಟಿಟ್ಟಿರುತ್ತಾರೆ. ಕಿತ್ತ ದಿನ ಹಳೆಯದರ ತುದಿ ಬಿಚ್ಚಿ ಹೊಸದರ ತುದಿ ಸಿಕ್ಕಿಸಿದರೆ ಸರಿ, ಟ್ಯಾಂಕು ಇಳಿಸುವ ಕೆಲಸವಿಲ್ಲ. ಬೆಳಕಿರುವಾಗಲೇ ಮಳವಳ್ಳಿ ದಾಟಬಹುದು.