ಕಾರ್ಖಾನೆಯಲ್ಲಿ ಕಟ್ಟಿದ ಮನೆ: ಚರವೋ, ಸ್ಥಿರವೋ?

ವಾಹನ, ಒಡವೆಗಳು ಚರಾಸ್ತಿ. ಮನೆ, ಜಮೀನು ಸ್ಥಿರಾಸ್ತಿ. ಇದು ನಿಮಗೆ ತಿಳಿದದ್ದೇ. ಹಾಗಾದರೆ ಚಕ್ರಗಳ ಮೇಲೆ ಉರುಳಿಬಂದ ಮನೆಯನ್ನು ಯಾವ ಗುಂಪಿಗೆ ಸೇರಿಸುವಿರಿ? ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಲಕ್ಷಾಂತರ ಕುಟುಂಬಗಳಿಗೆ ಇದು ದುಡ್ಡಿನ ಪ್ರಶ್ನೆ, ಕೆಲವೊಮ್ಮೆ ಪ್ರಾಣದ ಪ್ರಶ್ನೆ.

ಅಲ್ಲಿ ಕಾರ್ಖಾನೆಯಲ್ಲೇ ಮನೆ ಕಟ್ಟಿ, ಉಕ್ಕಿನ ಚಾಸಿಯ ಮೇಲಿಟ್ಟು, ಲಾರಿಯಿಂದ ಎಳೆದು ನಿವೇಶನಕ್ಕೆ ತರುತ್ತಾರೆ. ದೊಡ್ಡ ಮನೆಯಾದರೆ ಎರಡು ಭಾಗಗಳಾಗಿ ತಂದು ಜೋಡಿಸುತ್ತಾರೆ. 1976ರ ಜೂನ್ 15ರಿಂದ ಇವುಗಳ ತಯಾರಿಕೆಗೆ ದೇಶಕ್ಕೆಲ್ಲ ಒಂದೇ ನಿಯಮಾವಳಿ ಇದೆ. ಹಿಂದೆ ಇವನ್ನು ‘ಸಂಚಾರಿ ಮನೆ’ ಎನ್ನುತ್ತಿದ್ದರು. ಆದರೆ ಒಮ್ಮೆ ಕೂರಿಸಿದ ಮೇಲೆ ಹೆಚ್ಚಿನವು ಮತ್ತೆ ಕದಲುವುದಿಲ್ಲ.

ಕೂರಿಸುವ ಕೆಲಸ ನೆಲದಿಂದ ಆರಂಭ. ಹುಲ್ಲು, ಸಡಿಲ ಮಣ್ಣನ್ನು ತೆಗೆದು, ಮಳೆನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಬೇಕು. ಕಾಂಕ್ರೀಟ್ ಪಾದಗಳ ಮೇಲೆ ಬ್ಲಾಕ್ ಕಂಬಗಳನ್ನು ಕಟ್ಟಿ, ಚಾಸಿಯನ್ನು ಅವುಗಳ ಮೇಲೆ ಮಟ್ಟವಾಗಿ ಇಡಬೇಕು. ಒಂದು ಕಂಬ ಕುಸಿದರೆ ಅದರ ಭಾರ ಪಕ್ಕದವುಗಳ ಮೇಲೆ ಬೀಳುತ್ತದೆ. ಚಾಸಿ ಬಾಗುತ್ತದೆ, ಬಾಗಿಲುಗಳು ಬಿಗಿಯುತ್ತವೆ. ಚಳಿ ಪ್ರದೇಶಗಳಲ್ಲಿ ಇನ್ನೊಂದು ತೊಂದರೆಯಿದೆ. ಹೆಪ್ಪುಗಟ್ಟುವ ಮಣ್ಣು ಕೆಳಗಿನ ತೇವವನ್ನು ಸೆಳೆದುಕೊಂಡು ಹಿಮದ ಪದರಗಳಾಗಿ ಉಬ್ಬಿ ಪಾದವನ್ನೇ ಎತ್ತಬಲ್ಲದು. ಆದ್ದರಿಂದ ಪಾದವನ್ನು ಸಾಮಾನ್ಯವಾಗಿ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಇಡುತ್ತಾರೆ.

ಭಾರ ಹೊತ್ತರಷ್ಟೇ ಸಾಲದು, ಗಾಳಿಯನ್ನೂ ತಡೆಯಬೇಕು. ನಮ್ಮಲ್ಲಿ ತಗಡಿನ ಚಾವಣಿಯ ಮೇಲೆ ಕಲ್ಲು ಹೇರುವುದನ್ನು ನೀವು ನೋಡಿರುತ್ತೀರಿ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಸೆಕೆಂಡಿಗೆ 20 ಮೀಟರ್ ಇದ್ದಾಗ ಚದರ ಮೀಟರಿಗೆ ಸುಮಾರು 240 ನ್ಯೂಟನ್; 40 ಮೀಟರ್ ಆದಾಗ 960. ಈ ಒತ್ತಡವೆಲ್ಲ 15 ಮೀಟರ್ ಉದ್ದ, 2.5 ಮೀಟರ್ ಎತ್ತರದ ಗೋಡೆಗೆ ಬಡಿದರೆ ಪಕ್ಕಕ್ಕೆ ತಳ್ಳುವ ಬಲ 36,000 ನ್ಯೂಟನ್, ಅಂದರೆ ಮೂರೂವರೆ ಟನ್ನಿಗೂ ಹೆಚ್ಚಿನ ತೂಕಕ್ಕೆ ಸಮ! ಜೊತೆಗೆ ಚಾವಣಿಯನ್ನು ಮೇಲಕ್ಕೆ ಹೀರುವ ಬಲವೂ ಇದೆ. ಅದಕ್ಕೇ ತಿರುಪಿನಂಥ ಉಕ್ಕಿನ ಗೂಟಗಳನ್ನು ನೆಲದೊಳಕ್ಕೆ ತಿರುಗಿಸಿ, ಉಕ್ಕಿನ ಪಟ್ಟಿಗಳಿಂದ ಚಾಸಿಯನ್ನು ಬಿಗಿಯುತ್ತಾರೆ. ನಿಯಮದಂತೆ ಪ್ರತಿ ಗೂಟ 3,150 ಪೌಂಡ್, ಎಂದರೆ ಸುಮಾರು 1,430 ಕಿಲೋಗ್ರಾಂ ಸೆಳೆತವನ್ನು ತಡೆಯಬೇಕು. ಅದರ ಮೇಲೆ ಶೇಕಡ 50ರಷ್ಟು ಹೆಚ್ಚುವರಿ ಸಾಮರ್ಥ್ಯವೂ ಇರಬೇಕು. ಒದ್ದೆ, ಸಡಿಲ ಮಣ್ಣಿನಲ್ಲಿ ಗೂಟದ ಹಿಡಿತ ಕಡಿಮೆ. ಹಾಗಾಗಿ ಮಣ್ಣಿನ ಪರೀಕ್ಷೆ ತಪ್ಪಿಸುವಂತಿಲ್ಲ. 1992ರ ಆಗಸ್ಟ್‌ನಲ್ಲಿ ‘ಆಂಡ್ರ್ಯೂ’ ಚಂಡಮಾರುತ ಫ್ಲಾರಿಡಾದಲ್ಲಿ ಇಂಥ ಸಾವಿರಾರು ಮನೆಗಳನ್ನು ಧ್ವಂಸ ಮಾಡಿತು. 1994ರಲ್ಲಿ ಗಾಳಿಗೆ ಸಂಬಂಧಿಸಿದ ನಿಯಮಗಳು ಬಿಗಿಯಾದವು.

ಈಗ ಸಾಲದ ವಿಚಾರ. ಅನೇಕ ರಾಜ್ಯಗಳಲ್ಲಿ ಇಂಥ ಮನೆಗೆ ಮೊದಲು ಸಿಗುವುದು ವಾಹನಕ್ಕಿರುವಂಥ ಒಡೆತನ ಪತ್ರ. ಆಗ ದೊರೆಯುವುದು ಚರಾಸ್ತಿ ಸಾಲ. ಬಡ್ಡಿ ಹೆಚ್ಚು, ಅವಧಿ ಕಡಿಮೆ. ಸ್ವಂತ ನಿವೇಶನದಲ್ಲಿ ಶಾಶ್ವತ ತಳಪಾಯ ಹಾಕಿ, ಆ ಪತ್ರವನ್ನು ಹಿಂದಿರುಗಿಸಿದರೆ ಸಾಮಾನ್ಯವಾಗಿ ಮನೆ ಸ್ಥಿರಾಸ್ತಿಯಾಗುತ್ತದೆ. ಅಡಮಾನ ಸಾಲಕ್ಕೆ ದಾರಿಯಾಗುತ್ತದೆ. ವ್ಯತ್ಯಾಸವನ್ನು ನೀವೇ ಲೆಕ್ಕ ಹಾಕಿ ನೋಡಿ. 60,000 ಡಾಲರ್ ಸಾಲ, 20 ವರ್ಷ ಎಂದಿಟ್ಟುಕೊಳ್ಳಿ. ಬಡ್ಡಿ ಶೇಕಡ 9 ಆದರೆ ತಿಂಗಳ ಕಂತು ಸುಮಾರು 540 ಡಾಲರ್, ಶೇಕಡ 6.5 ಆದರೆ 447. ಒಟ್ಟು ಅಂತರ 22,000 ಡಾಲರಿಗೂ ಹೆಚ್ಚು! ತಳಪಾಯದ ಖರ್ಚನ್ನು ಇದರೊಂದಿಗೆ ತೂಗಿ ನೋಡಬೇಕು.

ಬಾಡಿಗೆ ಜಾಗದಲ್ಲಿ ಮನೆ ಇಟ್ಟವರಿಗೆ ಈ ಅನುಕೂಲ ಸಿಗುವುದು ಕಷ್ಟ. ನೆಲದ ಬಾಡಿಗೆ ಏರಿದರೆ ಮನೆಯನ್ನು ಸಾಗಿಸುವ ಖರ್ಚು ಭಾರಿ, ಹಳೆಯ ಮನೆಯಾದರೆ ಅದು ಸಾಗಣೆಯನ್ನು ತಾಳಲಾರದು. ಹೆಸರಿಗೆ ಚರ, ಆದರೆ ಚಲಿಸಲಾಗದು. ಹೀಗೆ ಸಿಕ್ಕಿಕೊಳ್ಳುವವರು ಹೆಚ್ಚಾಗಿ ಕಡಿಮೆ ಆದಾಯದವರು.

ಮನೆ ನೆಲವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂದು ಬಿರುಗಾಳಿ ಪರೀಕ್ಷಿಸುತ್ತದೆ. ಸಾಲ ಕೊಡುವವರು ಕೇಳುವುದೂ ಹೆಚ್ಚುಕಡಿಮೆ ಅದನ್ನೇ. ಇಂಥ ಮನೆ ಕೊಳ್ಳುವವರು ಅದರ ಬಣ್ಣ, ಕಿಟಕಿಗಳನ್ನು ನೋಡುವ ಮೊದಲು ಬಗ್ಗಿ ತಳವನ್ನು ನೋಡುವುದು ಲೇಸಲ್ಲವೆ?